ಕ್ರಿಯಾವರ್ಧಕ

ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವೇ ಕ್ರಿಯಾವರ್ಧಕ, ಅಂದರೆ ಕ್ಯಾಟಲಿಸ್ಟ್. ‘ವೇಗವರ್ಧಕ’ ಎಂಬ ರೂಪವೂ ಬಳಕೆಯಲ್ಲಿದೆ. ಕ್ಯಾಟಲಿಸಿಸ್ ಎಂಬ ಪಾರಿಭಾಷಿಕವನ್ನು 1835ರಲ್ಲಿ ಸೂಚಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. ಅದರ ಗ್ರೀಕ್ ಮೂಲಕ್ಕೆ ‘ಬಿಚ್ಚುವುದು, ಸಡಿಲಿಸುವುದು’ ಎಂಬರ್ಥ.

ಮೀಥೇನ್ ದಹನಕ್ಕೆ ಈ ಮೂಲಾರ್ಥವೇ ಹೆಚ್ಚು ಒಪ್ಪುತ್ತದೆ. ಮೀಥೇನಿನ ಇಂಗಾಲ–ಹೈಡ್ರೋಜನ್ ಬಂಧ ಬಲು ಗಟ್ಟಿ. ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳಲು ಅದಕ್ಕೆ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಪಲ್ಲಾಡಿಯಂ ಆಕ್ಸೈಡಿನ ಮೇಲ್ಮೈಯಲ್ಲಿ ಆ ಬಂಧ ಸಡಿಲಗೊಂಡು, ಎಷ್ಟೋ ಕಡಿಮೆ ಶಾಖದಲ್ಲೇ ಅನಿಲ ಜ್ವಾಲೆಯಿಲ್ಲದೆ ಉರಿಯುತ್ತದೆ. ಉರಿ ತಣ್ಣಗಿದ್ದಷ್ಟೂ ವಿಷಕಾರಿ ನೈಟ್ರೋಜನ್ ಆಕ್ಸೈಡುಗಳು ಕಡಿಮೆ. ಹೆಸರಿಗಿಂತ ವಿದ್ಯಮಾನ ಹಳೆಯದು: ಗಾಳಿ ಬೆರೆತ ಕಲ್ಲಿದ್ದಲ ಅನಿಲದಲ್ಲಿ ಬಿಸಿ ಪ್ಲಾಟಿನಂ ತಂತಿ ಜ್ವಾಲೆಯಿಲ್ಲದೆಯೂ ಕೆಂಪಗೆ ಹೊಳೆಯುತ್ತಲೇ ಇರುವುದನ್ನು ಹಂಫ್ರಿ ಡೇವಿ 1817ರಲ್ಲೇ ವರದಿ ಮಾಡಿದ್ದ. ಇಂದಿನ ಗಣಿಗಳ ಮೀಥೇನ್ ಪತ್ತೆ ಸಾಧನಗಳಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ. ಪುಟ್ಟ ಮಣಿಯೊಂದಕ್ಕೆ ಕ್ರಿಯಾವರ್ಧಕ ಲೇಪಿಸಿರುತ್ತಾರೆ. ಮೀಥೇನ್ ತಾಗಿ ಉರಿದರೆ ಮಣಿ ಬಿಸಿಯೇರಿ, ಒಳಗಿನ ಪ್ಲಾಟಿನಂ ಸುರುಳಿಯ ವಿದ್ಯುತ್ ರೋಧ ಹೆಚ್ಚುತ್ತದೆ.

‘ಖರ್ಚಾಗದೆ’ ಎಂದ ಮಾತ್ರಕ್ಕೆ ಕ್ರಿಯಾವರ್ಧಕ ಚಿರಂಜೀವಿಯೇನಲ್ಲ. ಗಂಧಕ ತಗುಲಿದರೆ ಪಲ್ಲಾಡಿಯಂ ಮಂಕಾಗುತ್ತದೆ. ಇದಕ್ಕೆ ರಸಾಯನಶಾಸ್ತ್ರಜ್ಞರು ಹೇಳುವುದು ‘ವಿಷವೇರಿಕೆ’ ಎಂದೇ.