ಕುಬಸದ ಗಂಟು

ಮಹಾರಾಷ್ಟ್ರದ ಜೇಜುರಿಯ ಗುಡ್ಡ ಹತ್ತುವಾಗ ಅರ್ಧ ದಾರಿಯಲ್ಲಿ ಬಾಣಾಯಿಯ ಗುಡಿ ಸಿಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಬಾಡಿಯ ಎಡಗಡೆಯ ತಂತಿ ಬಟ್ಟೆ ಹರಿದು ಹೊರಬಂದು ಕಂಕುಳಿಗೆ ಚುಚ್ಚತೊಡಗಿತ್ತು. ಅವತ್ತು ಸೋಮವತಿ ಅಮಾವಾಸ್ಯೆ. ಖಂಡೋಬಾನ ಪಲ್ಲಕ್ಕಿ ಕರ್ಹಾ ನದಿಗೆ ಹೋಗುವ ದಿನ. ಮೆಟ್ಟಿಲ ಮೇಲೆ ಇರುವೆ ನುಸುಳಲೂ ಜಾಗವಿಲ್ಲ. ಮೇಲಿನಿಂದ ಅರಿಶಿನದ ಭಂಡಾರ ಸುರಿಯುತ್ತಿದೆ. ನನ್ನ ಮುಂದೆ ಮದುವೆಯಾದ ಹೊಸದರಲ್ಲಿ ಹರಕೆಗೆ ಬಂದ ಹುಡುಗನೊಬ್ಬ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲು ಏರಲು ಏದುಸಿರು ಬಿಡುತ್ತಿದ್ದಾನೆ. ಸುತ್ತಲಿನವರೆಲ್ಲ ಅವನನ್ನೇ ನೋಡಿ ನಗುತ್ತಿದ್ದುದು ನನಗೆ ಅನುಕೂಲವೇ ಆಯಿತು. ಒಂದು ದೀಪಮಾಲೆಯ ಕಂಬದ ಹಿಂದೆ ಸರಿದೆ. ನನ್ನ ನಾದಿನಿ ಸೆರಗನ್ನು ಪರದೆಯ ಹಾಗೆ ಹಿಡಿದಳು. ತಂತಿ ಎಳೆದು ತೆಗೆದೆ.

‘ಬಿಲ್ಲ ಇದ್ದಂಗ ಐತಲ್ಲ ವೈನಿ, ಖಂಡೋಬಾಗ ಏರಿಸಿ ಬರ್ರಿ’ ಅಂದಳು ನಾದಿನಿ.

ಐದು ನಿಮಿಷ ಕಳೆದ ಮೇಲೆ ಬಲಗಡೆಯ ತಂತಿಯನ್ನೂ ಕಿತ್ತೆ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಅಂತಾಗಬಾರದಲ್ಲ. ಎರಡೂ ತಂತಿ ಭಂಡಾರದ ಪೊಟ್ಟಣದ ಜೊತೆ ಪರ್ಸು ಸೇರಿದವು. ಆಮೇಲೆ ಹತ್ತಿದ ಮೆಟ್ಟಿಲುಗಳಲ್ಲಿ ಎದೆತುಂಬ ಉಸಿರು ಆಡಿತು. ಐವತ್ತೆಂಟು ವರ್ಷದ ನನಗೆ ಅದು ಸಣ್ಣ ಮಾತಾಗಿರಲಿಲ್ಲ.

ಇಳಿದು ಬಂದು ಪೇಟೆಯಲ್ಲಿ ಉಡಿ ಸಾಮಾನಿನ ಅಂಗಡಿಯ ಮುಂದೆ ನಿಂತಾಗ ನಗು ಬಂತು. ಅರಿಶಿನ ಬೇರು, ಕೊಬ್ಬರಿ ಬಟ್ಟಲು, ಉತ್ತತ್ತಿಯ ಪಕ್ಕದಲ್ಲಿ ಖಣಗಳ ರಾಶಿ. ಹಸಿರು, ಕೆಂಪು, ಜಾಂಬಳಿ. ಮಡಚಿ ಮಡಚಿ ಒಟ್ಟಿದ್ದಾರೆ. ‘ಓಟೀಚಾ ಖಣ ಘ್ಯಾ ತಾಯಿ’ ಅಂದ ಅಂಗಡಿಯವ. ನಾನು ಗುಳೇದಗುಡ್ಡದ ಮಗಳು. ಖಣ ಅನ್ನುವುದು ನನಗೆ ಪೂಜೆಯ ಸಾಮಾನಾಗುವುದಕ್ಕಿಂತ ಮೊದಲು ನಮ್ಮ ಓಣಿಯ ಸಪ್ಪಳ. ಮನೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದವರ ಮಗ್ಗದ ಸಪ್ಪಳ ಕೇಳುತ್ತಲೇ ನಾವು ಅಕ್ಷರ ಕಲಿತವರು. ತೇರು, ಆನೆಹೆಜ್ಜೆ, ಸೂರ್ಯನಾರಾಯಣ ಅಂತ ಒಂದೊಂದು ಬುಟ್ಟಾಕ್ಕೂ ಹೆಸರು. ಹಾಸಿನಲ್ಲೇ ಹೆಚ್ಚುವರಿ ಎಳೆ ಕೊಟ್ಟು ಬುಟ್ಟಾ ಎಬ್ಬಿಸುವುದು, ಎರಡೂ ಬದಿಗೆ ಅಂಚು ಬಿಡುವುದು ಅದರ ಲಕ್ಷಣ. ನೇಯುವವರು ನಾವು, ಕೊಳ್ಳುವವರು ಹೆಚ್ಚಾಗಿ ಮಹಾರಾಷ್ಟ್ರದವರು. ಜೇಜುರಿಯಲ್ಲಿ ದೇವಿಗೆ ಏರುವ ಖಣಕ್ಕೂ ಬಾಗಲಕೋಟೆ ಜಿಲ್ಲೆಯ ಮಗ್ಗಕ್ಕೂ ಇರುವ ನಂಟು ಹೀಗೆ ಹಳೆಯದು.

ದೇವರ ನಂಟಂತೂ ಅದಕ್ಕಿಂತ ಹಳೆಯದು. ಇಲ್ಲಿಯ ಖಂಡೋಬಾ ನಮಗೆ ಮೈಲಾರಲಿಂಗ. ಇಲ್ಲಿ ಭಕ್ತರು ‘ಯೇಳಕೋಟ ಯೇಳಕೋಟ’ ಎಂದು ಕೂಗುವಾಗ ಅದರಲ್ಲಿರುವುದು ನಮ್ಮ ಏಳು ಕೋಟಿಯೇ. ಅವನ ಹೆಂಡತಿಯರಲ್ಲಿ ಮ್ಹಾಳಸಾ ಲಿಂಗಾಯತ ವಾಣಿಯವರ ಮಗಳು, ಬಾಣಾಯಿ ಕುರಿ ಕಾಯುವ ಧನಗರರ ಮಗಳು. ಹಿರಿಯಳಿಗೊಂದು ಖಣ, ಕಿರಿಯಳಿಗೊಂದು ಖಣ. ಸವತಿಯರ ನಡುವೆ ಪಕ್ಷಪಾತ ಮಾಡಿದರೆ ಸಂಸಾರ ನಡೆಯುವುದಿಲ್ಲ ಅನ್ನುವುದು ಭಕ್ತರಿಗೂ ಗೊತ್ತು.

ಒಂದು ಖಣವೆಂದರೆ ಒಂದು ಕುಬಸಕ್ಕೆ ಸಾಲುವಷ್ಟು ಅರಿವೆ. ಅಮರಕೋಶದಲ್ಲಿ ‘ಚೋಲ’, ‘ಕೂರ್ಪಾಸಕ’ ಎರಡೂ ಒಟ್ಟೊಟ್ಟಿಗೇ ಬರುತ್ತವೆ. ಮರಾಠಿಯವರು ಮೊದಲನೆಯದನ್ನು ಹಿಡಿದು ಚೋಳಿ ಅಂದರು. ನಾವು ಎರಡನೆಯದನ್ನು ಬಾಯಲ್ಲಿ ಮೆದ್ದು ಕುಪ್ಪಸ ಮಾಡಿ, ಬಡಗಿನ ಕಡೆಯವರು ಇನ್ನಷ್ಟು ಮೆದ್ದು ಕುಬಸ ಮಾಡಿದೆವು. ಹೊಲಿಯುವವರೂ ಗಡಿಯ ಎರಡೂ ಕಡೆ ದೊಡ್ಡವರೇ. ಅವರಲ್ಲಿ ಶಿಂಪಿಗರ ನಾಮದೇವ, ನಮ್ಮಲ್ಲಿ ಹನ್ನೆರಡನೆಯ ಶತಮಾನದ ಶರಣ ಸೂಜಿಕಾಯಕದ ರಾಮಿತಂದೆ.

ನನ್ನ ಅಜ್ಜಿ ಬದುಕಿಡೀ ಕುಬಸ ಬಿಟ್ಟು ಬೇರೆ ಹಾಕಿದವಳಲ್ಲ. ಅದರೊಳಗೆ ಇನ್ನೊಂದು ಒಳ ಅರಿವೆ ಇರುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಕುಬಸವೇ ಹೊರಗಿನದು, ಕುಬಸವೇ ಒಳಗಿನದು. ಬೆನ್ನಿನ ತುಂಡು ಗಿಡ್ಡ. ತೋಳಿನ ಕೊನೆಗೆ ಖಣದ ಅಂಚು. ಕಂಕುಳಲ್ಲಿ ಕೈ ಎತ್ತಲು ಎಳೆತ ಬಾರದಂತೆ ಬೇರೆ ಬಣ್ಣದ ಸಣ್ಣ ತುಂಡು ಕೂಡಿಸಿದ್ದು. ಮುಂದೆ ಗುಂಡಿ ಇಲ್ಲ, ಹುಕ್ಕಿಲ್ಲ. ಎರಡು ತುದಿ ಎಳೆದು ಎದೆಯ ಕೆಳಗೆ ಒಂದು ಗಂಟು. ಎದೆಯನ್ನು ಎತ್ತಿ ಹಿಡಿಯುತ್ತಿದ್ದುದು ಆ ಗಂಟೇ. ಹೊಲಕ್ಕೆ ಹೋಗುವಾಗ ಬಿಗಿ, ಉಂಡ ಮೇಲೆ ಸಡಿಲ, ಮಗು ಅತ್ತರೆ ಬಿಚ್ಚಿದರಾಯಿತು. ಅಳತೆ ಅನ್ನುವುದು ಟೇಪಿನಲ್ಲಿರಲಿಲ್ಲ, ಅವಳ ಬೆರಳಲ್ಲಿತ್ತು.

ನಮ್ಮ ಕಡೆ ಬಸುರಿಗೆ ಮಾಡುವ ಶಾಸ್ತ್ರದ ಹೆಸರೇ ‘ಕುಬಸ’. ಮೈಸೂರು ಸೀಮೆಯವರು ಸೀಮಂತ ಅನ್ನುವಾಗ ನಾವು ‘ಆಕೀದು ಕುಬಸ ಐತಿ’ ಅನ್ನುತ್ತೇವೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ ತರುತ್ತಾರೆ. ಇದರ ಹಿಂದೆ ಹೇಳುವ ಅರ್ಥ ಏನೇನೋ ಇರಬಹುದು. ನನಗೆ ಹೊಳೆಯುವುದು ಇಷ್ಟೇ. ಎದೆ ತುಂಬಿಕೊಳ್ಳುತ್ತದೆ, ಹಳೆಯದು ಬಿಗಿಯುತ್ತದೆ, ಆಕೆಗೊಂದು ದೊಡ್ಡದು ಬೇಕು. ಹೆಣ್ಣಿನ ಮೈ ಬದಲಾಗುತ್ತದೆ, ಅರಿವೆ ಅದಕ್ಕೆ ಹೊಂದಬೇಕು ಅನ್ನುವುದನ್ನು ಊರೆಲ್ಲ ಕರೆದು ಹೋಳಿಗೆ ಹಾಕಿ ಒಪ್ಪಿಕೊಂಡ ಶಾಸ್ತ್ರವಿದು.

ಹಾಗಂತ ಕುಬಸವನ್ನು ನಾನು ತಲೆಯ ಮೇಲೆ ಹೊರುವುದಿಲ್ಲ. ನಮ್ಮ ಪಕ್ಕದ ಓಣಿಯಲ್ಲಿ ಒಬ್ಬ ಮಡಿ ಅಜ್ಜಿ ಇದ್ದರು. ಕೆಂಪು ಸೀರೆ, ಬೋಳಿಸಿದ ತಲೆ, ಮೈಮೇಲೆ ಕುಬಸವಿಲ್ಲ. ಗಂಡನ ಜೊತೆ ಅದೂ ಹೋಗಿತ್ತು. ಚಳಿಗಾಲದ ಬೆಳಗ್ಗೆ ಬಾವಿಕಟ್ಟೆಯ ಮೇಲೆ ಒದ್ದೆ ಸೀರೆಯನ್ನು ಎದೆಗೆ ಒತ್ತಿಕೊಂಡು ಬರುತ್ತಿದ್ದ ಅವರನ್ನು ನೆನೆದರೆ ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನುವ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಅವ್ವನ ಕಾಲಕ್ಕೆ ಜಂಪರು, ಪೋಲಕ ಬಂದವು. 1840ರ ದಶಕದಲ್ಲಿ ಯೂರೋಪನ್ನೆಲ್ಲ ಕುಣಿಸಿದ ಪೋಲ್ಕಾ ನೃತ್ಯದ ಹೆಸರು ಅಲ್ಲಿಯ ಹೆಂಗಸರ ಜಾಕೀಟಿಗೆ ಅಂಟಿ, ಅಲ್ಲಿಂದ ಮರಾಠಿಗೆ, ಕನ್ನಡಕ್ಕೆ ಬಂದು ನಮ್ಮವ್ವನ ತೋಳಿಗೆ ಏರಿತ್ತು. ಪೋಲಕಕ್ಕೆ ಹುಕ್ಕು ಬಂತು, ಗಂಟು ಹೋಯಿತು. ಗಂಟು ಹೋದ ಮೇಲೆ ಎದೆಯನ್ನು ಹಿಡಿಯುವವರು ಯಾರು? ಆ ಕೆಲಸಕ್ಕೆ ಬಾಡಿ ಬಂತು. ಒಂದು ಅರಿವೆ ಮಾಡುತ್ತಿದ್ದ ಕೆಲಸಕ್ಕೆ ಎರಡು ಅರಿವೆ ಬೇಕಾದವು. ಅವ್ವ ಹಾಕುತ್ತಿದ್ದುದು ಬಿಳಿ ಹತ್ತಿಯ ಬಾಡಿ. ಒಗೆದು ಸೀರೆಯ ಕೆಳಗೆ ಮುಚ್ಚಿ ಒಣಹಾಕುವುದು. ಕುಬಸವನ್ನು ಅಂಗಳದ ಹಗ್ಗದ ಮೇಲೆ ರಾಜಾರೋಷವಾಗಿ ಹರವುತ್ತಿದ್ದ ಅಜ್ಜಿಗೆ ಈ ಕಳ್ಳತನ ತಿಳಿಯುತ್ತಲೇ ಇರಲಿಲ್ಲ.

ತಂತಿ ನನ್ನ ಪಾಲಿಗೆ ಬಂದದ್ದು ಮದುವೆಯಾಗಿ ಪುಣೆಗೆ ಬಂದ ಮೇಲೆ. ತಂತಿಯ ಹುಟ್ಟೂರು ದೂರ. 1893ರಲ್ಲಿ ನ್ಯೂಯಾರ್ಕಿನ ಮೇರಿ ಟೂಸೆಕ್ ಎಂಬಾಕೆ ಎದೆಯ ಕೆಳಗೆ ಗಟ್ಟಿ ಪಟ್ಟಿ ಇಟ್ಟ ಆಧಾರವೊಂದಕ್ಕೆ ಪೇಟೆಂಟು ಪಡೆದಳು. 1914ರಲ್ಲಿ ಅಲ್ಲಿಯವಳೇ ಆದ ಮೇರಿ ಫೆಲ್ಪ್ಸ್ ಜೇಕಬ್ ಪೇಟೆಂಟು ಪಡೆದದ್ದು ಬೇರೆಯೇ ತರಹದ್ದು. ತಿಮಿಂಗಿಲದ ಎಲುಬು ಸೇರಿಸಿದ ಕಾರ್ಸೆಟ್ಟು ಸಾಕಾಗಿ, ಎರಡು ರೇಷ್ಮೆ ಕರವಸ್ತ್ರಕ್ಕೆ ರಿಬ್ಬನ್ನು ಹೊಲಿದು ಕಟ್ಟಿಕೊಂಡಿದ್ದಳು. ಅದನ್ನು ಅಜ್ಜಿಗೆ ತೋರಿಸಿದ್ದರೆ ‘ಇದು ಕುಬಸದ ತಂಗಿ’ ಅನ್ನುತ್ತಿದ್ದಳು. ಎರಡನೆಯ ಮಹಾಯುದ್ಧ ಮುಗಿದು ಲೋಹ ಮತ್ತೆ ಧಾರಾಳವಾಗಿ ಸಿಗತೊಡಗಿದ ಮೇಲೆ ತಂತಿಯದೇ ದರಬಾರು. ಕೊನೆಗೆ 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಓಡಲು ತಕ್ಕ ಬಾಡಿಗಾಗಿ ತಲೆ ಕೆಡಿಸಿಕೊಂಡರು. ಗಂಡಸರ ಎರಡು ಲಂಗೋಟಿ ಪಟ್ಟಿಗಳನ್ನು ಕೂಡಿಸಿ ಹೊಲಿದದ್ದು ಮೊದಲ ಮಾದರಿ. ಈಗ ನನ್ನ ಸೊಸೆ ಜಿಮ್ಮಿಗೆ ಹಾಕಿಕೊಂಡು ಹೋಗುವುದು ಅದರ ಮೊಮ್ಮಗಳನ್ನು.

ತಂತಿಯ ಬಾಡಿಯನ್ನು ನಾನು ಇಷ್ಟು ವರ್ಷ ಯಾಕೆ ಹಾಕಿದೆ ಅಂತ ಜೇಜುರಿಯಿಂದ ಮರಳುವ ರೈಲಿನಲ್ಲಿ ಯೋಚಿಸಿದೆ. ಹೇಳಿಕೊಳ್ಳುವಂಥ ಕಾರಣವೇನೂ ಸಿಗಲಿಲ್ಲ. ಪುಣೆಯ ಅಂಗಡಿಯ ಹುಡುಗಿ ‘ಕಾಕೂ, ಇದರಲ್ಲಿ ಶೇಪು ಬರ್ತದ’ ಅಂದಿದ್ದಳು. ನಂಬಿದ್ದೆ. ಸಂಜೆ ಬಿಚ್ಚಿದಾಗ ಎದೆಯ ಕೆಳಗೆ ಬಿದ್ದಿರುತ್ತಿದ್ದ ಕೆಂಪು ಬರೆಯನ್ನು ಹೆಣ್ಣಾದ ಮೇಲೆ ಇದ್ದದ್ದೇ ಅಂತ ಕೊಬ್ಬರಿ ಎಣ್ಣೆ ಸವರಿ ಮಲಗುತ್ತಿದ್ದೆ.

ಈಗ ಮನೆಯಲ್ಲಿ ಮೆತ್ತನೆಯ ಹತ್ತಿಯದು, ತಂತಿ ಇಲ್ಲದ್ದು. ಕಪಾಟಿನಲ್ಲಿದ್ದ ಉಳಿದವುಗಳ ತಂತಿಗಳನ್ನೂ ಕತ್ತರಿಯಿಂದ ಬಿಡಿಸಿದೆ. ಒಂದನ್ನು ನಾದಿನಿ ಲಂಗಕ್ಕೆ ಲಾಡಿ ಪೋಣಿಸಲು ಒಯ್ದಳು.

ಟ್ರಂಕಿನಲ್ಲಿ ಅಜ್ಜಿಯ ಒಂದು ಕುಬಸ ಉಳಿದಿತ್ತು. ಗಂಟು ಹಾಕುವ ತುದಿಗಳು ಮಾತ್ರ ಸವೆದು ಎಳೆ ಬಿಟ್ಟಿದ್ದವು. ಹಾಕಿ ನೋಡಿದೆ, ಅಜ್ಜಿ ಸಣಕಲು, ನಾನಲ್ಲ. ತುದಿಗಳು ಒಂದಕ್ಕೊಂದು ನಾಲ್ಕು ಬೆರಳು ದೂರದಲ್ಲೇ ನಿಂತವು. ಬಾಣಾಯಿಯ ಗುಡಿಯಲ್ಲಿ ಪ್ರಸಾದವಾಗಿ ಮರಳಿ ಬಂದ ಹಸಿರು ಖಣವನ್ನೂ ಈ ಹಳೆಯದನ್ನೂ ಒಯ್ದು ನಮ್ಮ ದರ್ಜಿಗೆ ಕೊಟ್ಟೆ. ‘ಇದರಂಗ, ಆದರ ನನ್ನ ಅಳತಿಗೆ’ ಅಂದೆ. ನಾಲ್ಕು ದಿನ ಬಿಟ್ಟು ಕೊಟ್ಟ. ತೋಳಿಗೆ ಅಂಚು ಸರಿಯಾಗಿ ಕೂತಿತ್ತು, ಕಂಕುಳ ತುಂಡೂ ಸರಿ. ಮುಂದೆ ಮಾತ್ರ ಕೈ ರೂಢಿಗೆ ಐದು ಹುಕ್ಕು ಹಚ್ಚಿ, ಗಂಟಿನ ತುದಿಗಳನ್ನು ಒಳಗೆ ಮಡಚಿ ಹೊಲಿದುಬಿಟ್ಟಿದ್ದ.

ಅಲ್ಲೇ ಕೂತು ಬಿಚ್ಚಿಸಿದೆ. ಅದಕ್ಕೆ ಬೇರೆ ಇಪ್ಪತ್ತು ರೂಪಾಯಿ ತಗೊಂಡ.