ಯಾವ ಸಾಲಿನಲ್ಲಿ ನಿಲ್ಲಬೇಕು?

ಕೇಂದ್ರ ಸರ್ಕಾರದ ನೌಕರರಾದ ನಮಗೆ ಚುನಾವಣಾ ಕರ್ತವ್ಯ ಹೊಸದಲ್ಲ. ಹಲವು ವರ್ಷಗಳ ಹಿಂದೆ ಮಹಾರಾಷ್ಟ್ರದ ಒಂದು ಮತಗಟ್ಟೆಯಲ್ಲಿ, ಗಂಡಸರ ಸಾಲು ಎಡಕ್ಕೂ ಹೆಂಗಸರ ಸಾಲು ಬಲಕ್ಕೂ ನಿಂತಿದ್ದಾಗ, ಸೀರೆಯುಟ್ಟ ಒಬ್ಬರು ಎರಡರ ನಡುವೆ ಬಂದು ನಮ್ಮ ಮುಖ ನೋಡಿದರು. ಪಟ್ಟಿಯಲ್ಲಿದ್ದುದು ಗಂಡು ಹೆಸರು. ನಾವು ಪಟ್ಟಿಯನ್ನು ನಂಬಿ ಎಡಕ್ಕೆ ಕೈ ತೋರಿಸಿದೆವು. ಸಾಲಿನಲ್ಲಿ ನಗೆ ಎದ್ದಿತು. ಅವರು ಮತ ಹಾಕದೆ ಹೊರಟುಹೋದರು. ನಿಯಮ ಮೀರಲಿಲ್ಲವೆಂಬ ಅಂದಿನ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಪಟ್ಟಿಗೂ ಮನುಷ್ಯರಿಗೂ ನಡುವಿನ ಈ ವ್ಯಾಜ್ಯ ಎಷ್ಟು ಹಳೆಯದೆಂದು ಹುಡುಕುತ್ತ ಹೋದೆವು.

ಅದರ ಒಂದು ಮೂಲ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿದೆ. ಅದರ ಎರಡನೆಯ ಭಾಗ, ಸಂಶಯಕ್ಕೆ ಒಳಗಾದ ಹಿಜ್ರಾಗಳ ಹೆಸರನ್ನು ದಾಖಲೆಪುಸ್ತಕಕ್ಕೆ ಏರಿಸಿತು. ಹಾಗೆ ದಾಖಲಾದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ಶಿಕ್ಷೆ. ದತ್ತು ತೆಗೆದುಕೊಳ್ಳುವಂತಿಲ್ಲ, ಉಯಿಲು ಬರೆಯುವಂತಿಲ್ಲ. ರಾಜ್ಯವು ಅವರನ್ನು ಮೊದಲು ಎಣಿಸಿದ್ದು ಮತಕ್ಕಾಗಿ ಅಲ್ಲ, ಕಾವಲಿಗಾಗಿ. ವಸಾಹತುಶಾಹಿಯೊಂದಿಗೆ ಆ ಬುದ್ಧಿ ಅಳಿಯಿತೆಂದು ನಾವು ಕನ್ನಡಿಗರು ಬೀಗುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36ಎ ಕಲಮು ಅದೇ ಬಗೆಯ ದಾಖಲೆಪುಸ್ತಕಕ್ಕೆ ಮತ್ತೆ ಅವಕಾಶ ಕೊಟ್ಟಿತು. ಸಮುದಾಯದ ಸಂಘಟನೆಗಳು ಹೋರಾಡಿದ ಮೇಲೆ ಆ ಕಲಮಿನಿಂದ ಅವರನ್ನು ಗುರಿಮಾಡುವ ಪದ ತೆಗೆದುಹಾಕಲ್ಪಟ್ಟಿತು.

1992ರಲ್ಲಿ ಸಂಸತ್ತು ಅಂಗೀಕರಿಸಿದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯಿತಿ, ಪಾಲಿಕೆಗಳಿಗೆ ಜೀವ ತುಂಬಿದವು. ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟವು. ಈ ಬಾಗಿಲಿನಿಂದ ಯಾರೂ ಎಣಿಸದ ಅತಿಥಿಗಳೂ ಒಳಬಂದರು. ಶಬನಮ್ ಮೌಸಿ ಮಧ್ಯಪ್ರದೇಶದ ಸೋಹಾಗಪುರದಿಂದ ಶಾಸಕಿಯಾದರು. ಅದೇ ರಾಜ್ಯದ ಕಟನಿಯಲ್ಲಿ ಕಮಲಾ ಜಾನ್, 2000ದಲ್ಲಿ ಉತ್ತರಪ್ರದೇಶದ ಗೋರಖಪುರದಲ್ಲಿ ಆಶಾದೇವಿ ಮಹಾಪೌರರಾದರು. ಈ ಎರಡೂ ನಗರಗಳಲ್ಲಿ ಆ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು.

ಮತದಾರರು ಅವರನ್ನು ಏಕೆ ಆರಿಸಿದರು? ಮಕ್ಕಳುಮರಿ ಇಲ್ಲದವರು ಯಾರಿಗಾಗಿ ಕೂಡಿಡುತ್ತಾರೆ ಎಂಬ ವಾದ ಆಗ ಪ್ರಚಾರದಲ್ಲಿತ್ತು. ಪಕ್ಷಗಳ ಮೇಲಿನ ಸಿಟ್ಟು ಅದಕ್ಕೆ ಬಲ ಕೊಟ್ಟಿತು. ಈ ಹೊಗಳಿಕೆಯೊಳಗಿನ ಮುಳ್ಳನ್ನೂ ಗಮನಿಸಬೇಕು: ಒಂದು ಕಾಲದಲ್ಲಿ ಕಾನೂನೇ ಕಸಿದುಕೊಂಡಿದ್ದ ಕುಟುಂಬದ ಹಕ್ಕು, ಈಗ ಅವರ ಪ್ರಾಮಾಣಿಕತೆಯ ಪ್ರಮಾಣಪತ್ರವಾಗಿತ್ತು. ಆ ಗೆಲುವಾದರೂ ಭದ್ರವಾಗಿರಲಿಲ್ಲ. ಕಮಲಾ ಜಾನ್ ಕಾನೂನಿನ ಕಣ್ಣಿಗೆ ಗಂಡಸು, ಮಹಿಳಾ ಮೀಸಲು ಸ್ಥಾನಕ್ಕೆ ಅರ್ಹರಲ್ಲ ಎಂದು ಅವರ ಆಯ್ಕೆ ಅಸಿಂಧುವಾಯಿತು. 2003ರಲ್ಲಿ ಮಧ್ಯಪ್ರದೇಶ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಊರು ಒಪ್ಪಿದ್ದನ್ನು ಪಟ್ಟಿ ಒಪ್ಪಲಿಲ್ಲ.

ಪಟ್ಟಿ ಬದಲಾಗಲು ಕಾಲ ಹಿಡಿಯಿತು. 2009ರಲ್ಲಿ ಚುನಾವಣಾ ಆಯೋಗ 'ಇತರೆ' ಎಂದು ನಮೂದಿಸಲು ಅವಕಾಶ ಕೊಟ್ಟಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಉಂಟೆಂದು ತೀರ್ಪಿತ್ತಿತು. ಮರುವರ್ಷವೇ ಛತ್ತೀಸ್‌ಗಢದ ರಾಯಗಢದಲ್ಲಿ, ಹಿಂದೆ ರೈಲುಗಳಲ್ಲಿ ಹಾಡಿ ಕುಣಿದು ಬದುಕಿದ್ದ ಮಧು ಕಿನ್ನರ್ ಪಕ್ಷೇತರರಾಗಿ ನಿಂತು, 4,500ಕ್ಕೂ ಹೆಚ್ಚು ಮತಗಳಿಂದ ಗೆದ್ದು ಮಹಾಪೌರರಾದರು. 2017ರಲ್ಲಿ ಸೊಲ್ಲಾಪುರ ಜಿಲ್ಲೆಯ ತರಂಗಫಳ ಗ್ರಾಮ ಜ್ಞಾನೇಶ್ವರ ಕಾಂಬಳೆಯವರನ್ನು ಸರಪಂಚರನ್ನಾಗಿ ಆರಿಸಿತು.

ಆದರೂ ಹಳೆಯ ಪ್ರಶ್ನೆ ಸಾಯಲಿಲ್ಲ. 2020ರ ಕೊನೆಯಲ್ಲಿ ಜಳಗಾಂವ್ ಜಿಲ್ಲೆಯ ಭಾದಲಿ ಬುದ್ರುಕ್ ಗ್ರಾಮಪಂಚಾಯಿತಿಯ ಮಹಿಳಾ ಸ್ಥಾನಕ್ಕೆ ಅಂಜಲಿ ಪಾಟೀಲರು ಸಲ್ಲಿಸಿದ ನಾಮಪತ್ರವನ್ನು ಚುನಾವಣಾಧಿಕಾರಿ ತಿರಸ್ಕರಿಸಿದರು. ಕಾರಣ, ಕಟನಿಯದೇ. ಈ ಬಾರಿ ನ್ಯಾಯಾಲಯದ ಉತ್ತರ ಮಾತ್ರ ಬೇರೆ. 2021ರ ಜನವರಿ 2ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅವರಿಗೆ ಸ್ಪರ್ಧಿಸಲು ಅನುಮತಿ ನೀಡಿತು, ಅವರು ಗೆದ್ದರು. 2022ರಲ್ಲಿ ವೆಲ್ಲೂರು ಪಾಲಿಕೆಗೆ ಗಂಗಾ ನಾಯಕ್, ದೆಹಲಿ ಪಾಲಿಕೆಗೆ ಬಾಬಿ ಕಿನ್ನರ್ ಚುನಾಯಿತರಾದರು. ಇವರಿಬ್ಬರೂ ಪಕ್ಷಗಳ ಚಿಹ್ನೆಯಲ್ಲೇ ಗೆದ್ದವರು. ಸಿಟ್ಟಿನ ಮತದಿಂದ ಗೆಲ್ಲುವುದಕ್ಕೂ ಪಕ್ಷವೊಂದು ಕರೆದು ಟಿಕೆಟ್ ಕೊಡುವುದಕ್ಕೂ ಬಹಳ ಅಂತರವಿದೆ.

ಕಟನಿಯಿಂದ ಭಾದಲಿಗೆ ಇಪ್ಪತ್ತು ವರ್ಷ. ಈ ಅವಧಿಯಲ್ಲಿ ಕಾನೂನನ್ನು ಬದಲಿಸಿದವರು ನಮ್ಮಂಥ ನೌಕರರಲ್ಲ. ಸೋಲು, ನಗೆ, ತಿರಸ್ಕೃತ ನಾಮಪತ್ರಗಳ ನಡುವೆಯೂ ಮತ್ತೆ ಮತ್ತೆ ಬಾಗಿಲು ತಟ್ಟಿದವರು. ಪಂಚಾಯಿತಿಯೆಂದರೆ ನಲ್ಲಿ, ಚರಂಡಿ, ಬೀದಿದೀಪ. ಅವುಗಳ ಬಗ್ಗೆ ಮಾತನಾಡಲು ಮೊದಲು ಸಾಲಿನಲ್ಲಿ ಜಾಗ ಬೇಕು. ಅಂದು ಮರಳಿಹೋದವರು ಮುಂದೆ ಎಂದಾದರೂ ಮತ ಹಾಕಿದರೋ ಇಲ್ಲವೋ ನಾವು ಅರಿಯೆವು. ಮುಂದಿನ ಚುನಾವಣಾ ಕರ್ತವ್ಯದಲ್ಲಿ ಅಂಥವರು ಬಂದು ನಿಂತರೆ, ಕೈ ತೋರಿಸುವ ಮೊದಲು ಅವರನ್ನೇ ಕೇಳುತ್ತೇವೆ.