ಬಿಸಿಲು, ಇಬ್ಬನಿ ಮತ್ತು ಕುಡಿಯುವ ನೀರು

ಹಾಸನದ ಸೀಮೆ ಒಂದೇ. ಅದರ ನೀರು ಮಾತ್ರ ಒಂದೇ ಅಲ್ಲ. ಅರಕಲಗೂಡು ತಾಲ್ಲೂಕು ಹೇಮಾವತಿಯನ್ನೂ ಕಾವೇರಿಯನ್ನೂ ಕಂಡಿದೆ. ಹೊಳೆನರಸೀಪುರಕ್ಕೆ ಹೊಳೆಯೇ ಹೆಸರಾಗಿದೆ. ಚನ್ನರಾಯಪಟ್ಟಣದತ್ತ ಸಾಗಿದಂತೆ ಕೆರೆಬಾವಿಗಳ ಮಾತು ಹೆಚ್ಚುತ್ತದೆ. ನಾನು ಸಾಹಿತ್ಯ ಓದಿಸಿದವನು, ವಿಜ್ಞಾನಿಯಲ್ಲ; ಆದರೂ ನೀರಿನ ಚರಿತ್ರೆ ನಮ್ಮೆಲ್ಲರದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ನೆನೆಯಿರಿ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನರ ಆಚಾರ. ಜೀವದಯೆಯಿಂದ ಹುಟ್ಟಿದ ಈ ಪದ್ಧತಿಯ ಇನ್ನೊಂದು ಫಲ 2003ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನದಿಂದ ತಿಳಿಯಿತು: ಹಳೆಯ ಸೀರೆಯನ್ನು ಹಲವು ಪದರಗಳಾಗಿ ಮಡಿಸಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡಾ 48ರಷ್ಟು ಇಳಿದಿತ್ತು. ರೋಗಾಣುಗಳು ಅಂಟಿಕೊಂಡ ಸೂಕ್ಷ್ಮ ಜಲಜೀವಿಗಳು ಬಟ್ಟೆಯಲ್ಲೇ ಉಳಿಯುತ್ತವೆ.

ಆದರೆ ಬಟ್ಟೆಗೂ ಮಿತಿಯುಂಟು. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಕರಗಿರುವ ಫ್ಲೋರೈಡನ್ನು ಅದು ತಡೆಯದು. ಕುದಿಸಿದರೂ ಅದು ಹೋಗದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಎಲುಬುಗಳಿಗೆ ಕೇಡು. ಇಲ್ಲಿ ನೆರವಾಗಬಲ್ಲವನು ಸೂರ್ಯ. ಗಾಜಿನ ಮುಚ್ಚಳದಡಿ ಬಿಸಿಲು ನೀರನ್ನು ಆವಿಯಾಗಿಸುತ್ತದೆ, ಆವಿ ಗಾಜಿಗೆ ತಾಗಿ ಹನಿಯಾಗುತ್ತದೆ, ಲವಣ ತಳದಲ್ಲುಳಿಯುತ್ತದೆ. ಚಿಲಿ ದೇಶದ ಲಾಸ್ ಸಲಿನಾಸ್ ಗಣಿಪ್ರದೇಶದಲ್ಲಿ 1872ರಲ್ಲೇ ಇಂಥ ಸ್ಥಾವರವೊಂದು ದಿನಕ್ಕೆ ಸುಮಾರು 20,000 ಲೀಟರ್ ಸಿಹಿನೀರು ಕೊಡುತ್ತಿತ್ತು.

ಗಾಜು ತಣ್ಣಗಿದ್ದಷ್ಟೂ ಹನಿ ಹೆಚ್ಚು. ಆ ತಂಪು ಎಲ್ಲಿಂದ ಬರಬೇಕು? ಉತ್ತರ ತಲೆಯ ಮೇಲೆಯೇ ಇದೆ. ಅಲಹಾಬಾದಿನಲ್ಲಿ ಚಳಿಗಾಲದ ರಾತ್ರಿ ತಗ್ಗಿನಲ್ಲಿ ಒಣದಂಟು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ಪಡೆಯುತ್ತಿದ್ದುದನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ವರ್ಣಿಸಿದ. ವಸ್ತುಗಳು ತಮ್ಮ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ನಿರಭ್ರ ಆಕಾಶಕ್ಕೆ ಸೂಸಿ ತಣಿಯುತ್ತವೆ. ಇಬ್ಬನಿಯ ಗುಟ್ಟೂ ಇದೇ ಎಂದು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ವಿವರಿಸಿದ. ಇನ್ನೂರು ವರ್ಷಗಳ ಬಳಿಕ, 2014ರಲ್ಲಿ, ಸ್ಟ್ಯಾನ್‌ಫೋರ್ಡಿನ ಆಶ್ವತ್ ರಾಮನ್ ಮತ್ತು ಸಂಗಡಿಗರು ಹಗಲಿನ ಬಿಸಿಲಲ್ಲೇ ಸುತ್ತಲ ಗಾಳಿಗಿಂತ 4.9 ಡಿಗ್ರಿ ಸೆಲ್ಸಿಯಸ್ ತಂಪಾಗಿರುವ ಫಲಕವನ್ನು ಮಾಡಿ ತೋರಿಸಿದರು. ಬಿಸಿಲಿನ ಶೇಕಡಾ 97ರಷ್ಟನ್ನು ಅದು ಹಿಂದಿರುಗಿಸುತ್ತಿತ್ತು.

ನೀರನ್ನು ಆವಿಯಾಗಿಸುವ ಸೂರ್ಯ, ಆವಿಯನ್ನು ಹನಿಯಾಗಿಸುವ ಆಕಾಶ: ಇವೆರಡನ್ನು ಒಂದೇ ಉಪಕರಣದಲ್ಲಿ ಕೂಡಿಸುವ ಸಂಶೋಧನೆ ಈಗ ನಡೆಯುತ್ತಿದೆ. ಸರಳವಾದ ಸೌರ ಭಟ್ಟಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಸಿಕ್ಕರೆ ಹೆಚ್ಚು. ಹೊಲಕ್ಕೆ ಅದು ಏನೂ ಅಲ್ಲ, ನಿಜ. ಹಲ್ಲು ಮೂಡುತ್ತಿರುವ ಮಗುವಿಗೆ ಸಾಕಾದಷ್ಟು ನೀರು.